ಡಾಕ್ಟರು ಡಾಕ್ಟರನ್ನು ಕೇಳಬಾರದು ಎಂಬ ಸುತ್ತೋಲೆ

ರೈಲ್ವೆ ವೈದ್ಯಕೀಯ ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಡಿಸ್ಪೆನ್ಸರಿಯ ಡಾಕ್ಟರು ದೊಡ್ಡಾಸ್ಪತ್ರೆಯ ಮಕ್ಕಳ ತಜ್ಞರೊಡನೆ ನೇರವಾಗಿ ಮಾತಾಡಕೂಡದು, ಏನಿದ್ದರೂ ಬರೆದು ತಮ್ಮ ಕಚೇರಿಯ ಮೂಲಕವೇ ಕೇಳಬೇಕು ಎಂದು ತಾವು ಹೊರಡಿಸಿದ ಸುತ್ತೋಲೆ ನನ್ನ ಮಗಳನ್ನು ಕೊಲ್ಲುವುದರಲ್ಲಿತ್ತು. ತಾವೂ ನಮ್ಮ ಧಾರವಾಡದ ಕಡೆಯವರೆಂದು ಕೇಳಿ ಈ ಪತ್ರವನ್ನು ಕನ್ನಡ ಪತ್ರಿಕೆಗೆ ಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಬರೆದ ಅರ್ಜಿಗಳು ತಮ್ಮ ಗುಮಾಸ್ತರ ಮೇಜಿನ ಮೇಲೆ ಸುಖವಾಗಿ ನಿದ್ದೆ ಹೊಡೆಯುತ್ತಿವೆ.

ನಾನು ಗುಜರಾತಿನ ಉಧ್ನಾ ಹತ್ತಿರದ ಸಣ್ಣ ಸ್ಟೇಷನ್ನಿನಲ್ಲಿ ಸಹಾಯಕ ಸ್ಟೇಷನ್ ಮಾಸ್ತರ. ಆರು ವರ್ಷದ ಮಗಳು ತಾರಾ ಕೆಲವು ವಾರಗಳಿಂದ ನೀರು ನೀರು ಅನ್ನುತ್ತ ಸೊರಗುತ್ತಿದ್ದಳು. ಒಂದು ಬೆಳಿಗ್ಗೆ ಕರೆದರೆ ಓಗೊಡಲಿಲ್ಲ. ನಾನೂ ಹೆಂಡತಿ ಸುಶೀಲಾಳೂ ಅವಳನ್ನು ಡಿಸ್ಪೆನ್ಸರಿಗೆ ಎತ್ತಿಕೊಂಡು ಓಡಿದೆವು. ಡಾಕ್ಟರ್ ರಜನಿಬೆನ್ ಮೂತ್ರ ಪರೀಕ್ಷೆ ಮಾಡಿ ಸಕ್ಕರೆ ಕಾಯಿಲೆ ಎಂದರು. “ರೋಗ ಗೊತ್ತು ಮಾಸ್ತರ್‌ಜಿ. ಇಷ್ಟು ಸಣ್ಣ ಮಗುವಿಗೆ ಇನ್ಸುಲಿನ್ ಎಷ್ಟು ಅನ್ನೋದು ಗೊತ್ತಿಲ್ಲ. ಹೆಚ್ಚಾದರೆ ಔಷಧವೇ ಕೊಲ್ಲುತ್ತೆ. ಬರೋಡಾದ ತಜ್ಞರನ್ನು ಕೇಳಬೇಕು,” ಎಂದು ಹಿಂದಿಯಲ್ಲಿ ಹೇಳಿ, ಗೋಡೆಯ ಮೇಲಿನ ಸುತ್ತೋಲೆಯತ್ತ ನೋಡಿದರು. ಹಿಂದೊಮ್ಮೆ ಹೀಗೆ ಕೇಳಿದ್ದಕ್ಕೇ ಅವರ ಬಡ್ತಿ ನಿಂತಿತ್ತು. ಸುಶೀಲಾ ನನ್ನ ತೋಳು ಹಿಡಿದು, “ಕೇಳಬೇಕಂದ್ರ ಕೇಳ್ಲಿ, ಸುಮ್ನ ಯಾಕ ನಿಂತಾರ ಇವ್ರು?” ಎಂದಳು. ಅನುಮತಿ ಕೊಡಬೇಕಾದ ತಮ್ಮ ಕಚೇರಿಯ ಸಾಹೇಬರು ಅಹಮದಾಬಾದಿನಲ್ಲಿ ತಪಾಸಣೆಯಲ್ಲಿದ್ದರು, ಸೋಮವಾರ ಬರುವವರಿದ್ದರು. ಮಗು ಸೋಮವಾರದವರೆಗೆ ಉಸಿರು ಹಿಡಿದುಕೊಂಡಿರಬೇಕಿತ್ತು.

ಅದೇ ವಾರ ನಮ್ಮ ಯಾರ್ಡಿನಲ್ಲಿ ಕಲ್ಲಿದ್ದಲ ವ್ಯಾಗನ್ನಿನ ಅಚ್ಚು ಕಾದು ಹೊಗೆಯಾಡಿತ್ತು. ನಾನು ಫೋನೆತ್ತಿದೆ. ಬರೋಡಾದ ಇಂಜಿನಿಯರ್ ಸಾಹೇಬರು ಊಟದ ತಟ್ಟೆ ಬಿಟ್ಟೆದ್ದು ಬಂದು ಮಾತಾಡಿದರು. ಯಾರೂ ಅರ್ಜಿ ಕೇಳಲಿಲ್ಲ. ಸ್ವಾಮಿ, ವ್ಯಾಗನ್ನಿಗಿರುವ ಮರ್ಯಾದೆ ಮಗುವಿಗೆ ಬೇಡವೆ? ಅಥವಾ ಮಗು ಸತ್ತರೆ ಗಾಡಿಗಳೇನೂ ತಡವಾಗುವುದಿಲ್ಲವಲ್ಲ ಎಂಬುದು ತಮ್ಮ ವಿಚಾರವೆ?

ರಜನಿಬೆನ್‌ರನ್ನು ಸ್ಟೇಷನ್ನಿಗೆ ಕರೆತಂದು ಅದೇ ಫೋನನ್ನು ಅವರ ಕೈಗೆ ಕೊಟ್ಟೆ. ತಜ್ಞರು ಮಗುವಿನ ತೂಕ ಕೇಳಿದರು, ಉಸಿರಾಟ ಕೇಳಿದರು, ಇನ್ಸುಲಿನ್ ಎಷ್ಟು, ಸಲೈನ್ ಎಷ್ಟು ಎಂದು ಬಿಡಿಸಿ ಹೇಳಿದರು. ಸಂಜೆಗೆ ತಾರಾ ಕಣ್ಣು ಬಿಟ್ಟು, ಸೂಜಿ ಚುಚ್ಚಿದವರನ್ನು ಗುಜರಾತಿಯಲ್ಲಿ ಬೈದಳು. ಆ ಬೈಗುಳ ಕೇಳಿ ನಾನು ಅತ್ತುಬಿಟ್ಟೆ.

ಈಗ ತಮ್ಮ ದೂರಿನ ಮೇಲೆ ನನಗೆ ಚಾರ್ಜ್‌ಶೀಟ್ ಬಂದಿದೆ. ಇಲಾಖೆಯ ಟೆಲಿಫೋನನ್ನು ಸ್ವಂತ ಲಾಭಕ್ಕೆ ಬಳಸಿಕೊಂಡೆನಂತೆ. ಹೌದು, ಲಾಭವಾಗಿದೆ, ಮಗಳು ಬದುಕಿದ್ದಾಳೆ. ರಜನಿಬೆನ್‌ಗೆ ಮತ್ತೆ ಎಚ್ಚರಿಕೆ ಕೊಟ್ಟಿದ್ದೀರಿ. ಕಂಡಕಂಡವರ ಫೋನಿಗೆ ಉತ್ತರಿಸಬೇಡಿ ಎಂದು ಆ ತಜ್ಞರಿಗೂ ಕಾಗದ ಹೋಗಿದೆ. ಕೇಳುವವರ ಬಾಯಿಗೂ ತಿಳಿದವರ ಬಾಯಿಗೂ ಒಟ್ಟಿಗೇ ಬೀಗ ಜಡಿದ ತಮ್ಮ ಆಡಳಿತ ಕೌಶಲಕ್ಕೆ ಶಾಲು ಹೊದಿಸಿ ಹಾರ ಹಾಕಬೇಕು.

ಸುತ್ತೋಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಯಾವ ಸಣ್ಣ ಡಿಸ್ಪೆನ್ಸರಿಯ ಡಾಕ್ಟರಾದರೂ ಮಕ್ಕಳ ತಜ್ಞರನ್ನು ಫೋನಿನಲ್ಲಿ ಕೇಳಬಹುದು, ಅವರು ಉತ್ತರಿಸಲೇಬೇಕು ಎಂದು ಆಜ್ಞೆ ಮಾಡಿ. ನನಗೆ ಕೊಡುವ ಶಿಕ್ಷೆ ಧಾರಾಳವಾಗಿ ಕೊಡಿ. ಆದರೆ ಈ ಕಾಯಿಲೆಯ ಮಗುವಿಗೆ ಒಂದು ಜ್ವರ ಬಂದರೂ ಔಷಧದ ಅಳತೆಯನ್ನು ಮತ್ತೆ ಕೇಳಬೇಕಾಗುತ್ತದೆ. ಆ ದಿನ ನಾನು ಮತ್ತೆ ಫೋನ್ ಮಾಡಿಸುತ್ತೇನೆ. ಆ ಕಡೆಯವರು ತಮಗೆ ಹೆದರಿ ಫೋನ್ ಇಟ್ಟರೆ, ತಾರಾಳನ್ನು ಎತ್ತಿಕೊಂಡು ನೇರ ತಮ್ಮ ಕಚೇರಿಗೆ ಬರುತ್ತೇನೆ. ಅಳತೆ ತಾವೇ ಹೇಳಿ.

ಇಂತಿ,
ಸರ್ಕಾರದ ಫೋನಿನಿಂದ ಮಗಳನ್ನು ಉಳಿಸಿಕೊಂಡ ಆರೋಪಿ,
ಮಲ್ಲಿಕಾರ್ಜುನ
ಸಹಾಯಕ ಸ್ಟೇಷನ್ ಮಾಸ್ತರ, ಸದ್ಯಕ್ಕೆ