ಸಾಹೇಬರ ಎಣ್ಣೆ ಬಾಟಲಿ

ಗುರುವಾರ, ಊಟವಾದ ಮೇಲೆ

ಸುಳ್ಳು ಹೇಳಲು ಬಾರದಿದ್ದರೂ ಹೇಳುತ್ತಲೇ ಇರುವ ನನ್ನ ಮಗಳಿಗೆ,

ಅಮ್ಮನ ಆಶೀರ್ವಾದ. ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಇಂಥ ವಿಷಯ ಎತ್ತಿದ ಕೂಡಲೇ ಫೋನಿನಲ್ಲಿ ನಿನ್ನನ್ನು ಯಾರೋ ಕರೆಯುತ್ತಾರೆ, ಇಲ್ಲವೇ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ಸೌಕರ್ಯವಿಲ್ಲ. ಕೂತು ಪೂರ್ತಿ ಓದು.

ಮೊದಲು ಸಾಹೇಬರ ಸಮಾಚಾರ. ಚೆನ್ನಾಗಿದ್ದಾರೆ. ಇದನ್ನು ಬರೆಯುವಾಗಲೂ ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡು ಮಲಗಿದ್ದಾರೆ. ನಿಮ್ಮ ರಕ್ಷಣಾ ದಳದ ನಾಯಿಗಳ ಪಟ್ಟಿಯಲ್ಲಿ ಇವನಿಗೆ ಏನೇ ಹೆಸರು, ಬಿಲ್ಲೆ ಇರಲಿ, ಗತ್ತು ನೋಡಿ ನಾನಿಟ್ಟ ಹೆಸರೇ ಈ ಮನೆಯಲ್ಲಿ ಗಟ್ಟಿ. ಕುಸಿದ ಕಟ್ಟಡಗಳ ಅಡಿಯಲ್ಲಿ ಉಸಿರಾಡುವವರನ್ನು ಹುಡುಕಿದ ಮೂಗು ಈಗ ನನ್ನ ಅಡುಗೆಮನೆಯಲ್ಲಿ ಬಿದ್ದ ಬಟಾಣಿ ಹುಡುಕುತ್ತಿದೆ.

ನೀನು ಇವನನ್ನು ಇಲ್ಲಿ ಬಿಟ್ಟು ಹೋದ ದಿನವೇ ನನಗೆ ಅನುಮಾನ ಬಂದಿತ್ತು. ಕೆಲಸದಲ್ಲಿ ಚಪ್ಪಡಿ ಜಾರಿ ಹಿಂಗಾಲಿಗೆ ಪೆಟ್ಟಾಗಿದೆ, ಸ್ನಾಯು ಎಳೆದಿದೆ, ವಿಶ್ರಾಂತಿ ಬೇಕು ಅಂದೆ ನೀನು. ನಾನು ಒಪ್ಪಿದೆ. ಆಮೇಲೆ ನೀನು ಆ ಪುಟ್ಟ ಬಾಟಲಿ ನನ್ನ ಕೈಗಿಟ್ಟು, ಎರಡು ಹೊತ್ತೂ ಊಟದ ಜೊತೆ ಹನಿ ಹಾಕು ಅಂದೆ. ಏನಿದು ಅಂತ ಕೇಳಿದರೆ ಸಿಬಿಡಿ ಎಣ್ಣೆ ಅಂತ ಹೇಳಿ ಕಿಟಕಿಯ ಕಡೆ ನೋಡಿದೆ. ನಾನು ಅರ್ಧ ಆಯಸ್ಸು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ಕಳೆದವಳು ಕಣೇ. ಟಿಕೆಟ್ ಇಲ್ಲದವರಿಗೆಲ್ಲ ನನ್ನನ್ನು ಕಂಡ ಕೂಡಲೇ ಕಿಟಕಿಯಾಚೆಯ ಸೊಬಗಿನ ಮೇಲೆ ಪ್ರೀತಿ ಹುಟ್ಟುತ್ತಿತ್ತು. ಸಾಲದ್ದಕ್ಕೆ ಬಾಟಲಿಯ ಮೇಲೆ ಬೆರಳು ಚಾಚಿದಂಥ ಎಲೆಯ ಚಿತ್ರ. ಅದು ಪುದೀನ ಅಲ್ಲ ಅನ್ನುವಷ್ಟು ಲೋಕಜ್ಞಾನ ನನಗಿದೆ.

ಹಾಗಾಗಿ ಮೊದಲ ಕೆಲವು ದಿನ ನಾನು ಒಂದು ಹನಿಯನ್ನೂ ಹಾಕಲಿಲ್ಲ. ಫೋನಿನಲ್ಲಿ ಮಾತ್ರ ಹಾಕಿದೆ ಅಂದೆ. ಸುಳ್ಳು ನಿನಗೆ ಯಾರ ಕಡೆಯಿಂದ ಬಂತು ಅಂತ ಈಗ ಗೊತ್ತಾಯಿತಲ್ಲ! ನಾಯಿಗೆ ನಶೆ ಏರಿಸಿ, ನೋವು ಮರೆಸಿ, ಮತ್ತೆ ಕಲ್ಲುಮಣ್ಣಿಗೆ ಇಳಿಸುವ ಹುನ್ನಾರ ಇದು, ನಿಮ್ಮ ಮುಖ್ಯಸ್ಥರದೇ ಕೈವಾಡ ಅಂತ ತೀರ್ಮಾನಿಸಿಬಿಟ್ಟಿದ್ದೆ. ಆ ಮನುಷ್ಯ ನಗುವಾಗ ಕಣ್ಣು ನಗುವುದಿಲ್ಲ, ಗಮನಿಸಿದ್ದೀಯಾ? ಆದರೆ ಸಾಹೇಬ ಬೆಳಗ್ಗೆ ಏಳಲು ಪಡುತ್ತಿದ್ದ ಪಾಡು ನೋಡಲಾಗಲಿಲ್ಲ. ಮುಂಗಾಲು ಎದ್ದರೂ ಹಿಂಗಾಲು ಏಳುತ್ತಿರಲಿಲ್ಲ. ನನ್ನ ಮುಖ ನೋಡಿ ನಾಚಿಕೊಂಡವನ ಹಾಗೆ ಮತ್ತೆ ಕೂರುತ್ತಿದ್ದ. ಕೊನೆಗೆ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಚೀಟಿ ಬರೆದುಕೊಟ್ಟ ಪಶುವೈದ್ಯೆಯ ಹತ್ತಿರವೇ ಹೋದೆ.

ಡಾಕ್ಟರಮ್ಮ ನನ್ನ ಮಾತು ಕೇಳಿ ಮೊದಲು ನಕ್ಕರು. ಗಿಡ ಗಾಂಜಾ ಜಾತಿದೇ ನಿಜ, ಆದ್ರೆ ತಲೆ ತಿರುಗಿಸೋ ಅಂಶ ಇರಬಾರದು ಅಂತ ನೋಡಿಯೇ ಬರ್ಕೊಟ್ಟಿದೀನಿ ಅಂದರು. ಇದರ ಬಗ್ಗೆ ತಿಳಿಯಬೇಕಾದ್ದು ಇನ್ನೂ ಬೇಕಾದಷ್ಟಿದೆ, ಕೆಲವು ನಾಯಿಗಳಿಗೆ ನೋವು, ಬಿಗಿತ ಇಳಿಯುತ್ತೆ, ಕೆಲವಕ್ಕೆ ಏನೂ ಆಗಲ್ಲ, ಜಾಸ್ತಿ ಆದ್ರೆ ತೂಕಡಿಸುತ್ವೆ, ಹೊಟ್ಟೆ ಕೆಡುತ್ತೆ, ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡ್ತಿರ್ತೀನಿ ಅಂತ ವಿವರಿಸಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರಲ್ಲ, ಅಲ್ಲಿಗೆ ಅವರ ಮೇಲಿನ ಅನುಮಾನ ಅರ್ಧ ಇಳಿಯಿತು. ಹೊರಡುವಾಗ ಅವರಂದ ಮಾತು ನನಗೆ ಹಿಡಿಸಿತು. ಅಮ್ಮಾ, ಇದು ಅವನು ನೆಮ್ಮದಿಯಾಗಿ ಮಲಗಲಿ ಅಂತ ಕೊಡೋದು, ಓಡಲಿ ಅಂತ ಅಲ್ಲ, ನೋವು ಗೊತ್ತಾಗದೆ ಓಡಿದ್ರೆ ಇರೋ ಕಾಲೂ ಹೋಗುತ್ತೆ ಅಂದರು.

ಅಂದಿನಿಂದ ಹೇಳಿದಷ್ಟೇ ಹನಿ, ಹೇಳಿದ ಹೊತ್ತಿಗೆ ಹಾಕುತ್ತಿದ್ದೇನೆ. ನಿಜ ಹೇಳಬೇಕು, ಬರಬರುತ್ತಾ ಸಾಹೇಬ ಸಲೀಸಾಗಿ ಏಳತೊಡಗಿದ. ಎಣ್ಣೆಯಿಂದಲೋ, ಬಿಸಿ ಬಟ್ಟೆಯ ಶಾಖದಿಂದಲೋ, ಬರೀ ಮಲಗಿದ್ದರಿಂದಲೋ, ದೇವರೇ ಬಲ್ಲ. ಒಂದು ದಿನ ಹುಷಾರಾದೆ ಅಂತ ಹಿತ್ತಲಿನ ಗೋಡೆ ಹಾರಲು ಹೋದ. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಅಜ್ಜಿ ಪೊರಕೆ ಹಿಡಿದು ಓಡಿ ಬಂದರು. ಅವತ್ತಿನಿಂದ ಹೊರಗೆ ಹೋದರೆ ಹಗ್ಗ ನನ್ನ ಕೈಯಲ್ಲೇ.

ಈಗ ಅಸಲು ವಿಷಯ. ಬಾಟಲಿಯಲ್ಲಿ ಎಣ್ಣೆ ಲೆಕ್ಕಕ್ಕಿಂತ ಬೇಗ ಇಳಿಯುತ್ತಿತ್ತು. ಮುಚ್ಚಳ ಸೋರುತ್ತದೇನೋ ಅಂತ ಬಾಟಲಿಯನ್ನು ತಲೆಕೆಳಗಾಗಿಸಿ ನೋಡಿದೆ, ಸೋರಲಿಲ್ಲ. ಪಕ್ಕದ ಅಜ್ಜಿಯ ಮಂಡಿ ನೋವು ನೆನಪಾಗಿ ಅವರನ್ನು ವಾರಗಟ್ಟಲೆ ಅನುಮಾನಿಸಿದೆ, ಪಾಪ. ಅವರು ಬಂದಾಗಲೆಲ್ಲ ಬಾಟಲಿಗೆ ಕಾವಲು ಕೂತೆ. ಕೊನೆಗೆ ದಿನಾ ಹನಿ ಹಾಕಿದ ಮೇಲೆ ಎಣ್ಣೆಯ ಮಟ್ಟಕ್ಕೆ ಸರಿಯಾಗಿ ಬಾಟಲಿಗೆ ಕೆಂಪು ದಾರ ಕಟ್ಟತೊಡಗಿದೆ. ಅಜ್ಜಿ ಬಂದು ಹೋದರೂ ಎಣ್ಣೆ ದಾರದ ಮಟ್ಟದಲ್ಲೇ ಇತ್ತು. ರಜೆಯ ದಿನ ನೀನು ಬಂದು ಹೋದೆ, ನೋಡಿದರೆ ದಾರಕ್ಕಿಂತ ಎರಡು ಬೆರಳು ಕೆಳಗೆ!

ಅದರ ಮುಂದಿನ ರಜೆಗೆ ಬಂದಾಗ, ಸಾಹೇಬರ ಎಣ್ಣೆಗೆ ಯಾರೋ ಕಳ್ಳರು ಹುಟ್ಟಿಕೊಂಡಿದ್ದಾರೆ ಅಂತ ತಮಾಷೆಗೆ ಅಂದೆ, ನೆನಪಿದೆಯಾ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ನನ್ನ ಕಣ್ಣೆದುರೇ ನಡೆಯಿತು. ನಿನ್ನ ಎಡಗೈ ಸೀದಾ ಬಲಹೆಗಲಿಗೆ ಹೋಯಿತು. ಆಮೇಲೆ ನಾನು ನಿನ್ನ ಮೇಲಿಂದ ಕಣ್ಣು ಕೀಳಲಿಲ್ಲ. ನೀನು ಲೋಟ ಎಡಗೈಯಲ್ಲಿ ಎತ್ತಿದೆ. ಮೇಲಿನ ತಟ್ಟೆ ಇಳಿಸಿಕೊಡು ಅಂದರೆ ಸ್ಟೂಲ್ ಹತ್ತಿದೆ, ನನಗಿಂತ ಒಂದು ಗೇಣು ಎತ್ತರದ ನೀನು. ಕೂದಲು ಬಾಚಿ ಜಡೆ ಹಾಕು ಅಂತ ಚಿಕ್ಕ ಮಗುವಿನ ಹಾಗೆ ನನ್ನ ಮುಂದೆ ಕೂತೆ. ಮಗಳಿಗೆ ಅಮ್ಮನ ಮೇಲೆ ಪ್ರೀತಿ ಉಕ್ಕಿತು ಅಂತ ನಾನು ಹಿಗ್ಗಿದ್ದೆನಲ್ಲ, ಅದು ನೆನೆದರೆ ಈಗ ಹೊಟ್ಟೆ ಉರಿಯುತ್ತದೆ.

ಸಾಹೇಬನಿಗೆ ನನಗಿಂತ ಮೊದಲೇ ಗೊತ್ತಿತ್ತು. ತುಂಬ ದಿನ ಯಾರೂ ಜೀವಂತ ಸಿಗದಿದ್ದರೆ ನಾಯಿಗಳು ಮಂಕಾಗುತ್ತವೆ, ಅದಕ್ಕೆ ನಮ್ಮಲ್ಲೇ ಒಬ್ಬರು ಅವಶೇಷದಲ್ಲಿ ಅಡಗಿ ಕೂತು ಹುಡುಕಿಸಿಕೊಳ್ಳುತ್ತೇವೆ ಅಂತ ನೀನು ಹೇಳಿದ್ದೆಯಲ್ಲ. ಇವನಿಗೆ ಬೇಸರವಾಗದಿರಲಿ ಅಂತ ನಾನೂ ಮೆಟ್ಟಿಲಡಿಯ ಕಪಾಟಿನಲ್ಲಿ ಬಕೆಟ್ಟುಗಳ ನಡುವೆ ಅಡಗಿದೆ. ಮೆಲ್ಲಗೆ ಮೂಸುತ್ತಾ ಬಂದು, ಮುಂಗಾಲು ಚಾಚಿ ಮಲಗಿ, ಬಿಡದೆ ಬೊಗಳಿದ. ಸಿಕ್ಕವರ ಮುಂದೆ ಮಾತ್ರ ಹೀಗೆ ಮಾಡುತ್ತಾನೆ ಅಂತ ನೀನೇ ಹೇಳಿದ್ದು. ಹಾಗಿದ್ದರೆ ನೀನು ಸೋಫಾದಲ್ಲಿ ಕೂತಾಗ ನಿನ್ನ ಮುಂದೆಯೂ ಹಾಗೇ ಮಲಗಿ ಬೊಗಳಿದ್ದು ಯಾಕೆ? ನನ್ನನ್ನು ನೋಡಿದ ಖುಷಿ ಕಣಮ್ಮಾ ಅಂದು ನೀನು ಮತ್ತೆ ಕಿಟಕಿ ನೋಡಿದೆ. ಖುಷಿಗೆ ಅವನು ಬಾಲ ಆಡಿಸುತ್ತಾನೆ.

ಚಪ್ಪಡಿ ಜಾರಿದಾಗ ದೂರ ನಿಂತಿದ್ದೆ ಅಂತ ನೀನು ಹೇಳಿದ್ದನ್ನು ನಾನು ಇನ್ನು ನಂಬುವುದಿಲ್ಲ. ಅದರಡಿಯಿಂದ ಇವನನ್ನು ಎಳೆದವಳು ನೀನೇ, ನಿನ್ನ ಹೆಗಲಿಗೆ ಪೆಟ್ಟಾದದ್ದೂ ಆಗಲೇ. ವೈದ್ಯರಿಗೆ ತೋರಿಸಿದರೆ ವಿಶ್ರಾಂತಿ ಬರೆಯುತ್ತಾರೆ, ನೀನು ರಜೆ ಹಾಕಿದರೆ ಸಾಹೇಬನನ್ನು ಬೇರೆಯವರ ಕೈಗೆ ಒಪ್ಪಿಸುತ್ತಾರೆ ಅನ್ನುವ ಭಯ ನಿನಗೆ. ಅದಕ್ಕೇ ನಾಯಿಯ ಎಣ್ಣೆಯಿಂದ ನಿನ್ನ ನೋವು ಅಡಗಿಸಿಕೊಂಡು, ಕೆಲಸಕ್ಕೆ ಮರಳುವ ಮುನ್ನ ನಿಮ್ಮ ದಳದವರು ಸೋಮವಾರ ಇಟ್ಟಿರುವ ಪರೀಕ್ಷೆಯಲ್ಲಿ ಇಬ್ಬರೂ ಪಾಸಾಗುವ ಲೆಕ್ಕ ಹಾಕಿದ್ದೀಯ. ಅವನ ತೂಕಕ್ಕೆ ಅಳೆದು ಬರೆದ ಔಷಧ ನಿನಗೆ ಹೇಗೆ ಆಗುತ್ತದೆ, ದಡ್ಡಿ? ನಿನ್ನ ಹೆಗಲು ಹಗ್ಗ ಹಿಡಿಯಲಾರದೆ ಸೋತ ದಿನ ಗೋಡೆಯಡಿ ಸಿಕ್ಕವರ ಗತಿಯೇನು? ಅವನ ಗತಿಯೇನು? ನಿನ್ನದು?

ನಿನ್ನೆ ಸಾಹೇಬನನ್ನು ಮತ್ತೆ ತೋರಿಸಿದೆ. ಮೆಟ್ಟಿಲು ಇಳಿಯುವಾಗ ಈಗಲೂ ಕಾಲು ಸ್ವಲ್ಪ ಎಳೆಯುತ್ತಾನೆ, ಸೋಮವಾರ ಆಗೋದೇ ಇಲ್ಲ ಅಂತ ಡಾಕ್ಟರಮ್ಮ ಬರೆದುಕೊಟ್ಟಿದ್ದಾರೆ. ಇದು ನನ್ನ ಕಿತಾಪತಿಯಲ್ಲ, ಬೇಕಾದರೆ ಕೇಳು. ಅವನು ರಜೆಯಲ್ಲಿರುವಷ್ಟು ದಿನ ಅವನನ್ನು ಯಾರೂ ಕೊಂಡೊಯ್ಯುವುದಿಲ್ಲ. ಅಷ್ಟರಲ್ಲಿ ನಿನ್ನ ಹೆಗಲೂ ವಾಸಿಯಾಗಲಿ. ನಾಳೆಯೇ ಮನುಷ್ಯರ ವೈದ್ಯರ ಹತ್ತಿರ ಹೋಗು, ಮುಖ್ಯಸ್ಥರಿಗೆ ನೀನೇ ಹೇಳು, ಹೇಳಿ ಮನೆಗೆ ಬಾ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಟಿಕೆಟ್ ಇಲ್ಲದವರು ಸ್ವಂತ ಮಗಳಾದರೂ ನಾನು ಇಳಿಸಿಯೇ ಇಳಿಸುತ್ತೇನೆ.

ನಡುಮನೆಯಲ್ಲಿ ಎರಡು ಹಾಸಿಗೆ ಹಾಕಿರುತ್ತೇನೆ. ದೊಡ್ಡದು ಸಾಹೇಬರದು.

ನಿನ್ನನ್ನು ನಂಬದೆಯೂ ಪ್ರೀತಿಸುವ,
ನಿನ್ನ ಅಮ್ಮ

ಮರೆತಿದ್ದೆ: ಕಳೆದ ರಜೆಯಲ್ಲಿ ನೀನು ಕಣ್ಣಿನ ಔಷಧದ ಖಾಲಿ ಸೀಸೆಗೆ ತುಂಬಿಕೊಂಡು ಹೋದದ್ದು ಸಾಹೇಬರ ಬಾಟಲಿಗೆ ನಾನು ತುಂಬಿಟ್ಟಿದ್ದ ಅಡುಗೆ ಎಣ್ಣೆ. ನಿಜವಾದದ್ದನ್ನು ನೀನು ಬರುವ ಮೊದಲೇ ಬೇರೆ ಬಾಟಲಿಗೆ ಸುರಿದು ಬೀರುವಿನಲ್ಲಿ ಬೀಗ ಹಾಕಿದ್ದೆ, ಸಾಹೇಬನಿಗೆ ಅದರಿಂದಲೇ ಹಾಕುತ್ತಿದ್ದೇನೆ. ಕಳ್ಳಿಯನ್ನು ಹಿಡಿಯಬೇಕಿತ್ತು, ಹಿಡಿದೆ. ಆದರೆ ಈ ವಾರವಿಡೀ ಫೋನಿನಲ್ಲಿ ನಿದ್ದೆ ಬರ್ತಿಲ್ಲ ಕಣಮ್ಮಾ ಅಂತ ನೀನು ಅಂದಾಗಲೆಲ್ಲ, ಬೀರುವಿನ ಕೀಲಿ ನನ್ನ ಕೈಯಲ್ಲೇ ಇತ್ತು. ಅದೊಂದಕ್ಕೆ ನನ್ನನ್ನು ಕ್ಷಮಿಸು, ಬೇಗ ಬಾ.