ಮುಳ್ಳು ಅರ್ಧಕ್ಕೆ ಬರುವವರೆಗೆ

ಚಿತ್ರದುರ್ಗ
14-7-2025, ಸೋಮವಾರ

ಪ್ರೀತಿಯ ಫಾಜಿಲ್ ಭೈಯಾ,

ನಿನ್ನ ತಂಗಿ ಸಬಾಳ ಸಲಾಂ. ಶಾರ್ಜಾದಲ್ಲಿ ಬಿಸಿಲು ಹೇಗಿದೆ? ಗ್ಯಾರೇಜಿನಲ್ಲಿ ಮಧ್ಯಾಹ್ನ ಸ್ವಲ್ಪವಾದರೂ ಬಿಡುವು ಕೊಡುತ್ತಾರೆಯೇ? ಮೊಣಕೈಯ ಸುಟ್ಟ ಗಾಯ ಮಾಗಿತೇ? ದಿನಾ ಫೋನಿನಲ್ಲಿ ಸಿಗುವವಳು ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ನಿನ್ನ ಫೋನ್ ಬಂದಾಗ ಅಮ್ಮ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಾಳೆ. ಇದು ಅವಳೆದುರು ಹೇಳುವ ಮಾತಲ್ಲ. ಒಬ್ಬಳೇ ಇದ್ದರೂ ನನ್ನ ಬಾಯಿಂದ ಬರುವುದಿಲ್ಲ, ನನ್ನ ಸ್ವಭಾವ ನಿನಗೆ ಗೊತ್ತು. ಐದನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದು. ನಿನ್ನ ರೂಮಿನ ಅಮಾನ್ ರಜೆ ಮುಗಿಸಿ ಬುಧವಾರ ಹೊರಡುತ್ತಾನಂತೆ. ನಿನಗೆಂದು ಇಟ್ಟ ಉಪ್ಪಿನಕಾಯಿ ಒಯ್ಯಲು ಇವತ್ತು ಸಂಜೆ ಹೊಸದುರ್ಗದಿಂದ ಬರುತ್ತಾನೆ. ಇದನ್ನು ಅವನ ಕೈಯಲ್ಲೇ ಕೊಡುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಅಮ್ಮ ಮನೆಯಲ್ಲಿದ್ದಾಳೆ, ನಡೆದಾಡುತ್ತಿದ್ದಾಳೆ.

ನಿನ್ನ ಎರಡು ಕಾರುಗಳೂ ಷೆಡ್ಡಿನಲ್ಲಿವೆ. ಬಿಡಿಭಾಗಕ್ಕೆಂದು ಇಟ್ಟಿಗೆಯ ಮೇಲೆ ನಿಲ್ಲಿಸಿದ್ದೀಯಲ್ಲ, ಆ ಬಿಳಿಯದರಲ್ಲಿ ಪಕ್ಕದ ಮನೆ ಬೋರಕ್ಕನ ಕೋಳಿ ಕಾವಿಗೆ ಕೂತಿದೆ. ಓಡಿಸಲು ಮನಸ್ಸಾಗಲಿಲ್ಲ. ಕೆಂಪು ಕಾರನ್ನು ನೀನು ಗೋಡೆಗೆ ಅಂಟಿಸಿದ ಚೀಟಿಯಂತೆ ಪ್ರತಿ ಶುಕ್ರವಾರ ಸ್ಟಾರ್ಟ್ ಮಾಡುತ್ತಿದ್ದೆ. ಚೀಟಿಯಲ್ಲಿ ಬರೆದಿದ್ದೀಯ: ಮೊದಲು ಆಯಿಲ್ ಕಡ್ಡಿ ಎಳೆದು ನೋಡು, ಇದು ಪೆಟ್ರೋಲಿನ ಜೊತೆ ಆಯಿಲನ್ನೂ ಕುಡಿಯುವ ಗಾಡಿ. ಸ್ಟಾರ್ಟ್ ಆದ ಮೇಲೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧಕ್ಕೆ ಬರುವವರೆಗೆ ಆಫ್ ಮಾಡಬೇಡ. ಈ ಸಾಲಿನ ಕೆಳಗೆ ನೀನು ಎರಡು ಗೆರೆ ಎಳೆದಿದ್ದೀಯ. ಯಾರಿಗಾಗಿ ಎಳೆದೆ ಎಂದು ನನಗೆ ಗೊತ್ತು. ಮೂರು ವರ್ಷದ ಹಿಂದೆ ಗೆಳತಿ ಮಹ್ವಿಶ್‌ಗೆ ತೋರಿಸಲೆಂದು ನಾನು ಕೀಲಿ ತಿರುಗಿಸಿ, ಅದರ ದನಿಗೆ ಬೆದರಿ ತಕ್ಷಣ ಆಫ್ ಮಾಡಿದ್ದೆ. ತಣ್ಣಗಿರುವಾಗಲೇ ನಿಂತ ಎಂಜಿನ್ನಿನೊಳಗೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ನೀನು ಎರಡು ದಿನ ಪ್ಲಗ್ ಬಿಚ್ಚಿ ಒಣಗಿಸಿದೆ. ನನ್ನನ್ನು ಒಂದು ಮಾತು ಬೈಯಲಿಲ್ಲ, ಊಟ ಮಾಡಲಿಲ್ಲ ಅಷ್ಟೆ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಆ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ, ಮೂರು ಮೂಲೆಯ ಕಬ್ಬಿಣ ಗಿರಗಿರ ತಿರುಗುತ್ತದೆ ಎಂದು ನೀನು ಲೋಟದೊಳಗೆ ಸಮೋಸ ತಿರುಗಿಸಿ ತೋರಿಸಿದ್ದೆಯಲ್ಲ, ಅವತ್ತಿನಿಂದ ಅಮ್ಮನಿಗೆ ಅದು ಸಮೋಸ ಗಾಡಿ. ಗುಜರಿಯಿಂದ ತಂದ ಕಾರಿಗೆ ಇಷ್ಟು ಸೇವೆಯಾ ಎಂದು ಗೊಣಗುತ್ತಿದ್ದವಳು, ನೀನು ಹೋದ ಮೇಲೆ ಶುಕ್ರವಾರ ಬಂತೆಂದರೆ ನನಗಿಂತ ಮೊದಲು ಜಪದ ತಸ್ಬೀ ಮಣಿ ಹಿಡಿದು ಅದರ ಎಡಸೀಟಿನಲ್ಲಿ ಕೂರುತ್ತಿದ್ದಳು. ಆ ದನಿಗಾಗಿ. ನೀನು ಹಿರಿಯೂರಿನಿಂದ ಈ ಕಾರಿನಲ್ಲಿ ಬರುವಾಗ ಬೈಪಾಸಿನಲ್ಲಿ ತಿರುಗಿದ ಸದ್ದು ಕೇಳಿಯೇ ಅವಳು ಅಕ್ಕಿ ತೊಳೆಯುತ್ತಿದ್ದಳು. ಅಕ್ಕಿ ನೆನೆಯುವಷ್ಟರಲ್ಲಿ ನೀನು ಬಾಗಿಲಲ್ಲಿರುತ್ತಿದ್ದೆ.

ಮೊನ್ನೆ ಶುಕ್ರವಾರ ಹನ್ನೊಂದು ಗಂಟೆಗೆ ಸ್ಟಾರ್ಟ್ ಮಾಡಿದೆ. ಬೋರಕ್ಕನ ಮಗಳು ಹೆರಿಗೆಗೆ ಬಂದಿದ್ದಾಳೆ, ಕೂಸಿಗೆ ಹನ್ನೆರಡು ದಿನ. ಬೋರಕ್ಕ ಗೋಡೆಯಾಚೆಯಿಂದ, "ಸಬಾ, ನಿಮ್ಮಣ್ಣನ ಹುಲಿ ಗುರ್ ಅಂತೈತಲ್ಲೇ, ಈಗಿನ್ನೂ ಕೂಸು ಕಣ್ಮುಚ್ಚೈತೆ" ಎಂದಳು. ಅವಳು ಬಾಗಿಲು ಹಾಕು ಎನ್ನಲಿಲ್ಲ. ಆಫ್ ಮಾಡಿದರೆ ಗಾಡಿ ಕೆಡುತ್ತದೆ ಎಂದು ನಾನೇ ಷೆಡ್ಡಿನ ಷಟರ್ ಕೆಳಗೆಳೆದೆ. ಹೊರಗೆ ತುಂತುರು ಬೇರೆ ಇತ್ತು. ಒಳಗೆ ಬಂದು ಅಮ್ಮನ ಪಕ್ಕ ಕೂತು ಮುಳ್ಳು ನೋಡತೊಡಗಿದೆ. ಕಣ್ಣು ಉರಿಯುತ್ತಿತ್ತು, ಅದು ಯಾವಾಗಲೂ ಉರಿಯುತ್ತದೆ. ಸ್ವಲ್ಪ ಹೊತ್ತಿಗೆ ಅಮ್ಮ, "ತಲೆ ಸಿಡೀತೈತೆ ಕಣೇ, ಇನ್ನೂ ಎಷ್ಟೊತ್ತು" ಎಂದಳು. "ಇನ್ನೊಂದು ಚೂರು ಅಮ್ಮಾ, ಮುಳ್ಳು ಮೇಲೆ ಬಂದಿಲ್ಲ" ಎಂದೆ. ತಸ್ಬೀ ಅವಳ ಕೈಯಿಂದ ಜಾರಿ ಕೆಳಗೆ ಬಿದ್ದದ್ದು ಕೇಳಿಸಿತು. ನಿದ್ದೆ ಹತ್ತಿರಬೇಕು ಅಂದುಕೊಂಡೆ. ನಾನು ಅವಳ ಕಡೆ ತಿರುಗಲಿಲ್ಲ, ಭೈಯಾ. ನನ್ನ ಕಾಲೂ ಜೋಮು ಹಿಡಿದಂತಾಗಿತ್ತು, ಆದರೂ ಮುಳ್ಳನ್ನೇ ನೋಡುತ್ತಿದ್ದೆ.

ಷಟರಿನ ಸಂದಿಯಿಂದ ಹೊಗೆ ಬಾಣಂತಿಯ ಕೋಣೆಗೆ ಹೋಯಿತೆಂದು ಬೋರಕ್ಕ ಜಗಳಕ್ಕೆ ಬಂದಳು. ಆ ಜಗಳವೇ ನಮ್ಮನ್ನು ಉಳಿಸಿತು. ಷಟರ್ ಎತ್ತಿದವಳು ಅಮ್ಮನನ್ನು ನೋಡಿ ಗಂಡ ಓಬಣ್ಣನನ್ನು ಕೂಗಿದಳು. ಇಬ್ಬರೂ ಅಮ್ಮನನ್ನು ಎತ್ತಿ ಜಗಲಿಯ ಮೇಲೆ ಮಲಗಿಸಿದರು. ಓಬಣ್ಣ ವಾಪಸು ಬಂದು ಕಾರಿನ ಕೀಲಿಗೆ ಕೈ ಹಾಕಿದರು. ಈಗ ಬರೆಯುವುದನ್ನು ಯಾರಿಗೂ ಹೇಳಿಲ್ಲ. ನಾನು ಅವರ ಕೈ ಹಿಡಿದು, "ಬೇಡ ಮಾಮಾ, ಇನ್ನೂ ಅರ್ಧಕ್ಕೆ ಬಂದಿಲ್ಲ" ಎಂದೆ. ಅವರು ನನ್ನ ಮುಖ ನೋಡಿ, "ಲೇ, ನಿಂಗೆ ಗಾಡಿ ಬೇಕಾ, ತಾಯಿ ಬೇಕಾ" ಎಂದು ಕೈ ಕೊಡವಿ ಆಫ್ ಮಾಡಿದರು. ಹೊಗೆಯಿಂದ ನಿನ್ನ ತಲೆಯೂ ನೆಟ್ಟಗಿರಲಿಲ್ಲ ಬಿಡು ಎಂದು ಆಮೇಲೆ ಅವರೇ ಸಮಾಧಾನ ಹೇಳಿದರು. ಆದರೆ ಆ ಮಾತು ಹೊಗೆಯದಲ್ಲ, ನನ್ನದೇ.

ಆಸ್ಪತ್ರೆಯಲ್ಲಿ ಒಂದೂವರೆ ದಿನ ಆಮ್ಲಜನಕ ಕೊಟ್ಟರು. ನೀನು ಶುಕ್ರವಾರ ಸಂಜೆ ಫೋನ್ ಮಾಡಿದಾಗ ನಾನು ಅಲ್ಲಿನ ಮೆಟ್ಟಿಲ ಮೇಲೆ ನಿಂತಿದ್ದೆ. ಅಮ್ಮ ಮಲಗಿದ್ದಾಳೆ ಎಂದೆ, ಅದು ಸುಳ್ಳಲ್ಲ. ಮುಳ್ಳು ಅರ್ಧಕ್ಕೆ ಬಂತಾ ಎಂದು ನೀನು ಕೇಳಿದೆ. ಬಂತು ಎಂದೆ. ಡಾಕ್ಟರು ಕಳಿಸುವಾಗ ನನ್ನನ್ನು ಪಕ್ಕಕ್ಕೆ ಕರೆದು, ಗಾಡಿಯ ಹೊಗೆಯಲ್ಲಿರುವ ಈ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಇನ್ನು ಹತ್ತು ನಿಮಿಷ ಆಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದರು. ಕೆಲವರಿಗೆ ವಾಸಿಯಾದಂತೆ ಕಂಡು ಎರಡು ಮೂರು ವಾರದೊಳಗೆ ಮರೆವು ಶುರುವಾಗುತ್ತದಂತೆ, ಹಾಗೆ ಕಂಡರೆ ತಡಮಾಡದೆ ಕರೆತರಬೇಕಂತೆ. ಅಂದಿನಿಂದ ಅವಳು ಸಾರಿಗೆ ಉಪ್ಪು ಹಾಕಿದರೂ ಎಷ್ಟು ಸಲ ಹಾಕಿದಳು ಎಂದು ಎಣಿಸುತ್ತಿದ್ದೇನೆ. ಅವಳಿಗೆ ಅವತ್ತಿನದು ಏನೂ ನೆನಪಿಲ್ಲ. ಸುಸ್ತಾಗಿ ಬಿದ್ದೆ ಎಂದು ಹೇಳಿದ್ದೇನೆ, ನಂಬಿದ್ದಾಳೆ. ಆ ನಂಬಿಕೆಯೇ ಈಗ ನನಗೆ ಭಯ. ಬರುವ ಶುಕ್ರವಾರ ಮತ್ತೆ ಕೂರುತ್ತೇನೆ ಎನ್ನುತ್ತಾಳೆ. ಇನ್ನು ಬೇಡ ಅಮ್ಮಾ ಎಂದರೆ, "ನಿನ್ನ ಕೈಲಿ ಆಗ್ದಿದ್ರೆ ಬಿಡು, ನಾನೇ ತಿರುಗಿಸ್ತೀನಿ" ಎನ್ನುತ್ತಾಳೆ. ಕೀಲಿ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತದೆ ಎಂದು ಅವಳಿಗೆ ಗೊತ್ತು. ನನ್ನ ಮಾತು ಅವಳು ಕೇಳುವುದಿಲ್ಲ, ನಿನ್ನದು ಕೇಳುತ್ತಾಳೆ. ಗಾಡಿ ಮುಟ್ಟಬೇಡ ಎಂದು ನೀನೇ ಹೇಳು. ಕೆಟ್ಟರೆ ಕೆಡಲಿ, ಆಮೇಲೆ ನೀನು ಬಂದು ಎಷ್ಟು ದಿನ ಬೇಕಾದರೂ ಊಟ ಬಿಡು.

ಬೋರಕ್ಕ, ಓಬಣ್ಣ ನಿನ್ನನ್ನು ಕೇಳಿದರು. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟು ಬೇಗ ಮನೆಗೆ ಸೇರಿಸಲಿ.

ನಿನ್ನ ತಂಗಿ,
ಸಬಾ

ವಿ.ಸೂ.: ಅಮಾನ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಅಡುಗೆಮನೆಗೆ ಹೋದೆ. ಅಮ್ಮ ಅಕ್ಕಿ ತೊಳೆದು ನೆನೆಸಿಟ್ಟಿದ್ದಾಳೆ. ಯಾರಿಗೆ ಎಂದು ಕೇಳಿದೆ. "ಬೈಪಾಸಿನಲ್ಲಿ ಫಾಜಿಲ್ ಗಾಡಿ ತಿರುಗಿದ್ದು ಕೇಳಿಸಲಿಲ್ವಾ" ಎಂದಳು. ಗಾಡಿ ಷೆಡ್ಡಿನಲ್ಲೇ ಇದೆ ಭೈಯಾ. ಅಮಾನ್‌ನನ್ನು ಕಳಿಸಿದ ಕೂಡಲೇ ಓಬಣ್ಣನ ಜೊತೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಮೊಳೆಯಿಂದ ಕೀಲಿ ತೆಗೆದು ಈ ಕವರಿನಲ್ಲೇ ಹಾಕಿದ್ದೇನೆ. ವಾಪಸು ಕಳಿಸಬೇಡ, ನೀನೇ ತೆಗೆದುಕೊಂಡು ಬಾ.