ನಾನು ಹೇಳಿದ ಹಾಗೆಯೇ

ಲೆಮುಯೆಲ್,

ಟೆನೆಸಿಯ ಈ ಮಣ್ಣಿನಲ್ಲಿ ನಿನ್ನನ್ನು ಹೂತು ತಿಂಗಳಾಯಿತು. ನನ್ನ ಆಜ್ಞೆಗಳನ್ನು ದಳಗಳಿಗೆ ಮುಟ್ಟಿಸಲು ಈಗ ನಿನ್ನ ಜಾಗದಲ್ಲಿ ಕ್ಯಾಪ್ಟನ್ ವೀಯರ್ ಇದ್ದಾನೆ.

ಇವತ್ತು ಮಧ್ಯಾಹ್ನ ದುರ್ಬೀನಿನಲ್ಲಿ ನೋಡಿದೆ. ದಕ್ಷಿಣದ ಬಂಡುಕೋರರು ಹಿಡಿದಿರುವ ಗುಡ್ಡವನ್ನು ಹತ್ತಬೇಕಿದ್ದ ಕ್ರೋಲ್‌ನ ದಳ ಬುಡದಲ್ಲೇ ಕೂತು ಕಾಫಿ ಕಾಯಿಸುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಯುದ್ಧಕ್ಕೆ ಮುಂಚೆ ಕ್ರೋಲ್ ವಕೀಲನಾಗಿದ್ದವನು ತಾನೇ.

"ಹೋಗಿ ಆ ವಕೀಲನಿಗೆ ಹೇಳು, ಕಾಫಿ ಕುಡಿದಾಗಿದ್ರೆ ಗುಡ್ಡ ಹತ್ತಲಿ. ಕಾಲು ನಡುಗ್ತಿದ್ರೆ ಅಲ್ಲೇ ಕೂತಿರ್ಲಿ, ನಾನೇ ಬಂದು ಹತ್ತಿ ತೋರಿಸ್ತೀನಿ!"

ವೀಯರ್ ಹೋಗಿ ಬಂದ.

"ಏನಂದ?"

"ಕೈಲಿದ್ದ ಕಾಫಿ ಚೆಲ್ಲಿ ಕುದುರೆ ಹತ್ತಿದ್ರು ಸರ್. ಫಿರಂಗಿ ಬರ್ಲಿ ಅಂತ ಕಾಯ್ತಿದ್ರಂತೆ, ಅವು ಹಳ್ಳದ ಕೆಸರಲ್ಲಿ ಸಿಕ್ಕೊಂಡಿವೆ."

"ನೀನು ಹೇಗೆ ಹೇಳ್ದೆ?"

"ನೀವು ಹೇಳಿದ ಹಾಗೇ ಸರ್. ಒಂದಕ್ಷರ ಬಿಟ್ಟಿಲ್ಲ."

ನೀನು ಒಂದು ಸಲವೂ ಹಾಗೆ ಹೇಳಿದವನಲ್ಲ. ನಾನು ಏನೇ ಬೈದು ಕಳಿಸಿದರೂ "ಜನರಲ್ ಸಾಹೇಬ್ರು ನಿಮ್ಮನ್ನ ಕೇಳ್ಕೊಂಡಿದಾರೆ" ಎಂದೇ ಶುರುಮಾಡುತ್ತಿದ್ದೆಯಂತೆ. ಅದು ಗೊತ್ತಾದ ದಿನ ಎಲ್ಲರೆದುರು ನಿನ್ನ ಮೇಲೆ ಕೂಗಾಡಿದ್ದೆ.

ಫಿರಂಗಿಗೆ ಕಾಯದೆ ಕ್ರೋಲ್ ದಳದೊಂದಿಗೆ ಗುಡ್ಡ ಹತ್ತಿದ್ದಾನೆ. ಮೇಲೆ ಗುಂಡಿನ ಸದ್ದು ಆಗಾಗ ನಿಲ್ಲುತ್ತದೆ. ಮತ್ತೆ ಕೇಳಿಸುವವರೆಗೆ ಬರೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತೇನೆ. ಬುಡದಲ್ಲಿ ಅವರು ಬಿಟ್ಟುಹೋದ ಒಲೆಗಳು ಇನ್ನೂ ಹೊಗೆಯಾಡುತ್ತಿವೆ.

ವೀಯರ್ ಡೇರೆಯ ಬಾಗಿಲಲ್ಲಿ ನಿಂತು, "ಏನು ಹೇಳ್ಲಿ ಸರ್?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಾನೆ. ಹಿಂದಕ್ಕೆ ಬಾ ಎಂದು ಹೇಳಿಕಳಿಸಬೇಕು. ನನ್ನ ಆ ಮಾತು ಕೇಳಿದ ಮೇಲೆ ಕ್ರೋಲ್ ಸುಮ್ಮನೆ ಬರುವವನಲ್ಲ. ನೀನಾಗಿದ್ದರೆ ಅವನಿಗೆ ಅದನ್ನು ಹೇಗೆ ಹೇಳುತ್ತಿದ್ದೆ, ಲೆಮುಯೆಲ್?